ಆಯಿಯ ಕೌದಿಗೆ ಚಿತ್ರ ಬರೆದವರು

ಜನವರಿ 6, ಸೋಮವಾರ

ಓಂಕಾರನ ಕೆಲಸ ಒಪ್ಪಿಕೊಂಡೆ. ನಿವೃತ್ತಿಯ ನಂತರದ ಮೊದಲ ಕೆಲಸ. ಹೊಸ ದಿನಚರಿಯಲ್ಲಿ ಮೊದಲು ಅದನ್ನೇ ಬರೆದಿಡುತ್ತೇನೆ.

ಓಂಕಾರ ಪುಣೆ ಕನ್ನಡಿಗರ ಮೂರನೆಯ ತಲೆಮಾರಿನವನು. ಸಣ್ಣ ಪ್ರಕಾಶನ ನಡೆಸುತ್ತಾನೆ. ಅರವತ್ತರ ದಶಕದಲ್ಲಿ ಬುಧವಾರ ಪೇಠೆಯ ಒಂದು ಛಾಪಖಾನೆ ಕನ್ನಡದಲ್ಲಿ ಮಕ್ಕಳ ಕಥೆಪುಸ್ತಕಗಳನ್ನು ಅಚ್ಚುಹಾಕುತ್ತಿತ್ತು. ಅವುಗಳಲ್ಲಿ 'ಆಯಿಯ ಕೌದಿ' ಎಂಬುದನ್ನು ಅವನು ಈ ಪಾಡವಾಕ್ಕೆ, ಅಂದರೆ ಯುಗಾದಿಗೆ, ಮತ್ತೆ ತರುತ್ತಾನೆ. ಕಥೆ ಬರೆದವರು ಛಾಪಖಾನೆಯ ಮಾಲೀಕರಾಗಿದ್ದ ಕಾಶಪ್ಪ ಎಂದು ಮುಖಪುಟದ ಮೇಲೇ ಇದೆ. ಒಳಗಿನ ಹದಿನಾರು ಚಿತ್ರ ಯಾರವು ಎಂದು ಎಲ್ಲೂ ಇಲ್ಲ. ಅದನ್ನು ಪತ್ತೆಹಚ್ಚಿಕೊಡಬೇಕು.

ಸಿಕ್ಕಿರುವುದು ಒಂದೇ ಪ್ರತಿ. ಅದರಲ್ಲಿ ಹನ್ನೊಂದನೆಯ ಪುಟದ ಹಾಳೆ ಹರಿದುಹೋಗಿದೆ. ಅಚ್ಚಾದ ವರ್ಷ ಹಾಕಿಲ್ಲ. ಇದೇ ಪುಸ್ತಕ ಮರಾಠಿಯಲ್ಲಿ 1968ರಲ್ಲಿ ಬಂದಿದೆ. ಅದರ ಮೇಲೆ ಚಿತ್ರಕಾರರ ಹೆಸರು ದೇವಾನಂದ ಮಾಂಡಕೆ ಎಂದು ಇದೆಯಂತೆ. ಮಾಂಡಕೆ ಹೆಸರಾದವರು, ತೀರಿಕೊಂಡು ಬಹಳ ಕಾಲವಾಯಿತು. ಮಗಳು ಸ್ನೇಹಲ್ ಪುಣೆಯ ಆಚೆ ಭೋರ್ ಊರಿನಲ್ಲಿದ್ದಾರೆ.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಇಲ್ಲೇ ಪುಣೆಯ ಕೊಂಢವಾದಿಂದ ಓಂಕಾರನಿಗೆ ಫೋನ್ ಬಂದಿದೆ. ಕಾಶಪ್ಪನವರ ಮೊಮ್ಮಗ ಶಿವಪುತ್ರಪ್ಪ, ಟೈಲ್ಸ್ ಅಂಗಡಿಯವರು. ಚಿತ್ರ ಬರೆದದ್ದು ತಮ್ಮ ತಾಯಿ ಶಿವಬಸವ್ವ ಎನ್ನುತ್ತಾರೆ.

"ಮಾಂಡಕೆ ಹೆಸರಿದ್ರ ಪುಸ್ತಕ ಓಡ್ತದ ಅಕ್ಕಾರ. ಆದ್ರೂ ನೀವು ಖಾತ್ರಿ ಮಾಡ್ರಿ" ಎಂದ ಓಂಕಾರ.

"ಓಡಸೂದು ನಿನ್ನ ಕೆಲಸ. ಖಾತ್ರಿ ನನ್ನದು."

ಮರಾಠಿ ದೈನಿಕದ ಡೆಸ್ಕಿನಲ್ಲಿದ್ದಷ್ಟು ಕಾಲ ನಾನು ನಡೆಸಿದ್ದು ಒಂದೇ ನಿಯಮ. ಎರಡು ಬೇರೆ ಬೇರೆ ಕಡೆಯಿಂದ ಖಾತ್ರಿಯಾಗದ್ದು ಅಚ್ಚಿಗೆ ಹೋಗುವುದಿಲ್ಲ. ಅಳುವವರ ಮಾತಾದರೂ ಅಷ್ಟೇ, ದೊಡ್ಡವರ ಮಾತಾದರೂ ಅಷ್ಟೇ.

ಜನವರಿ 9, ಗುರುವಾರ

ಕೊಂಢವಾಕ್ಕೆ ಹೋಗಿಬಂದೆ. ನಾನಿರುವ ಕಾತ್ರಜದಿಂದ ದೂರವಿಲ್ಲ, ಆದರೆ ಆ ರಸ್ತೆಯ ಕಾಮಗಾರಿ ಈ ಜನ್ಮದಲ್ಲಿ ಮುಗಿಯುವಂತೆ ಕಾಣುವುದಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ. ಹಕ್ಕಿನ ಮಾತಿರುವ ಶಿವಬಸವ್ವನವರಿಗೆ ಎಪ್ಪತ್ತಾರು ವಯಸ್ಸು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಬೇಕು, ಡಾಕ್ಟರು ಭರವಸೆ ಕೊಡುತ್ತಿಲ್ಲ. ಇದನ್ನು ಮಗ ಬಾಗಿಲಲ್ಲೇ ಹೇಳಿದರು. ಪುರಾವೆಗೂ ಅದಕ್ಕೂ ಸಂಬಂಧವಿಲ್ಲ.

"ಯಾವೂರ ತಂಗಿ?" ಎಂದು ಆಕೆಯೇ ಮೊದಲು ಕೇಳಿದರು.

"ಇಂಡಿ ತಾಲೂಕ್ರಿ. ಅನುಸೂಯಾ ಅಂತ."

"ನಮ್ಮ ಕಡ್ಯಾಕಿನೇ ಆದಿ. ಅನುಸೂಯಾ ಭಾಳ ಉದ್ದ ಆತು. ಅನ್ಸವ್ವ ಅಂತೀನಿ."

ಕೆಲಸದ ಮಾತಿಗೆ ಬಂದೆ. ಚಿತ್ರ ನೀವೇ ಬರೆದದ್ದೇ?

"ತಗದೆ. ಮದುವ್ಯಾಗಿ ಬಂದ ಹೊಸದಾಗಿ. ಕೆಳಗ ಛಾಪಖಾನಿ, ಮ್ಯಾಲ ಮನಿ. ಹಾಳಾದ ಕಾಗದ ಬೇಕಾದಷ್ಟು ಇರ್ತಿದ್ವು."

ಹೆಸರು ಯಾಕೆ ಬರಲಿಲ್ಲ?

"ಸೊಸಿ ಹೆಸರು ಪ್ಯಾಟ್ಯಾಗ ಮಾರಾಕ ಇಡೂದಿಲ್ಲ ಅಂದ್ರು ನಮ್ಮ ಮಾವನೋರು."

ಆಗಿನ ಕಾಗದ, ಕರಡು, ಏನಾದರೂ ಇದೆಯೇ ಎಂದೆ. ಆಕೆ ಕಿಟಕಿಯ ಕಡೆ ನೋಡಿದರು. "ಬಾಯಿ ಮಾತು ಸಾಲೂದಿಲ್ಲೇನು?"

"ಸಾಲೂದಿಲ್ರಿ."

ಆಗ ಮೊಮ್ಮಗಳು ಶೀತಲ್ ಒಳಗಿನಿಂದ ಒಂದು ಹಾಳೆ ತಂದಳು. ಜಾಹೀರಾತು ಕಂಪನಿಯಲ್ಲಿ ಡಿಸೈನರ್. ಹಾಳೆ ಕಂದಾಗಿದೆ, ಮೇಲೆ ಶಾಯಿಯಲ್ಲಿ ಆಡು. ಏಳನೆಯ ಪುಟದ ಚಿತ್ರ. "ಆಜಿದು ಒರಿಜಿನಲ್. ಟ್ರಂಕಿನ್ಯಾಗ ಸಿಕ್ತು." ಅಜ್ಜಿ ಆ ಹಾಳೆಯನ್ನು ನೋಡಿದರು. ಮತ್ತೆ ಕಿಟಕಿಯ ಕಡೆ ತಿರುಗಿದರು. ಪರೀಕ್ಷೆಗೆ ಕೇಳಿ ತಂದಿದ್ದೇನೆ.

ಜನವರಿ 11, ಶನಿವಾರ

ಹಾಳೆ ಸುಳ್ಳು.

ಆಗಿನ ಚಿತ್ರಗಳು ಸತುವಿನ ಬ್ಲಾಕಿನಿಂದ ಅಚ್ಚಾಗುತ್ತಿದ್ದವು. ಬ್ಲಾಕಿಗೆ ಗೀರು ಬಿದ್ದರೆ ಅಚ್ಚಿನಲ್ಲಿ ಗೆರೆ ಕಡಿಯುತ್ತದೆ. ಪುಸ್ತಕದ ಏಳನೆಯ ಪುಟದಲ್ಲಿ ಆಡಿನ ಕೋಡಿನ ಮಧ್ಯೆ ಹಾಗೆ ಕಡಿದಿದೆ. ಬ್ಲಾಕ್ ಮಾಡುವ ಮೊದಲೇ ಕೈಯಲ್ಲಿ ಬರೆದ ಮೂಲ ಚಿತ್ರದಲ್ಲಿ ಆ ಕಡಿತ ಇರಲು ಸಾಧ್ಯವಿಲ್ಲ. ಶೀತಲ್ ತಂದ ಹಾಳೆಯಲ್ಲಿ ಅದೇ ಜಾಗದಲ್ಲಿ ಅದೇ ಕಡಿತ. ಓಂಕಾರ ಅವರಿಗೆ ಕಳಿಸಿದ್ದ ಪುಟದ ಫೋಟೋ ನೋಡಿ ನಕಲು ಎತ್ತಿದ್ದು. ಕಂದು ಬಣ್ಣ ಚಹಾದ್ದಿರಬೇಕು.

ಜನವರಿ 13, ಸೋಮವಾರ

ವರದಿ ಕಳಿಸಿದೆ. ಅರ್ಧ ಪುಟ. ಒಪ್ಪಿಸಿದ ಪುರಾವೆ ನಕಲು, ಹಕ್ಕು ಸಾಬೀತಾಗಿಲ್ಲ, ಮಾಂಡಕೆಯವರ ವಿಷಯ ಭೋರಿನಲ್ಲಿ ಪರಿಶೀಲಿಸಬೇಕು.

ಸಂಜೆ ಶೀತಲ್ ಫೋನ್ ಮಾಡಿದಳು. ಕೂಗಲಿಲ್ಲ. "ಸುಳ್ಳು ನಾ ಹೇಳೀನಿ ಮೇಡಂ. ಆಜಿ ಹೇಳಿಲ್ಲ. ನೀವು ಪುರಾವಾ ಪುರಾವಾ ಅಂದ್ರಿ, ನನಗ ತಯಾರ್ ಮಾಡೂದು ಒಂದೇ ಬರ್ತದ."

ಅದನ್ನು ಮೊದಲೇ ಯೋಚಿಸಬೇಕಿತ್ತು ಎಂದೆ. ಸರಿಯಾದ ಉತ್ತರವೇ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಶಿವಪುತ್ರಪ್ಪ ಬಂದು ಎಳ್ಳು ಬೆಲ್ಲದ ಡಬ್ಬಿ ಮೇಜಿನ ಮೇಲಿಟ್ಟರು. ಕೂರಲಿಲ್ಲ.

"ನಮ್ಮವ್ವ ಕೊಟ್ಟು ಕಳಿಸ್ಯಾಳ. ನಾ ಆಗಿದ್ರ ಕೊಡ್ತಿದ್ದಿಲ್ಲ. ಮಂದಿ ಇವತ್ತೊಂದು ದಿನ ಆದ್ರೂ ಛಂದ ಮಾತಾಡ್ತಾರ. ನೀವು ಮುಂಚೇನೇ ಛಂದಾಗಿ ಬರದು ಮುಗಿಸೀರಿ."

ಡಬ್ಬಿ ವಾಪಸ್ ಕೊಡಬೇಕೆಂದಿದ್ದೆ. ಅವರು ಲಿಫ್ಟಿಗೆ ಕಾಯದೆ ಇಳಿದುಹೋದರು.

ಜನವರಿ 22, ಬುಧವಾರ

ಭೋರ್. ಕಾತ್ರಜದಿಂದ ಬಸ್ಸಿನಲ್ಲಿ ಹೋದೆ. ಸ್ನೇಹಲ್ ಮಾಂಡಕೆ ನಿವೃತ್ತ ಶಿಕ್ಷಕಿ, ಮಾತು ಲೆಕ್ಕದ್ದು. ಮರಾಠಿ ಪ್ರತಿ ಪೂರ್ತಿಯಾಗಿದೆ. 'ಆಈಚೀ ಗೋಧಡೀ.' ಒಳಗಿನ ಹದಿನೈದು ಚಿತ್ರ ನಮ್ಮ ಪ್ರತಿಯವೇ, ಹನ್ನೊಂದನೆಯ ಪುಟದ್ದೂ ಇದೆ. ಫೋಟೋ ತೆಗೆಯಲು ಬಿಟ್ಟರು. ಅಚ್ಚಿಗೆ ಬಳಸುವುದಾದರೆ ಕೇಳಬೇಕು ಎಂದರು.

ಕಥೆಯಲ್ಲಿ ತಾಯಿ ಹಳೇ ಬಟ್ಟೆಯ ತುಂಡು ಸೇರಿಸಿ ಗೋಧಡಿ, ಅಂದರೆ ಕೌದಿ, ಹೊಲಿಯುತ್ತಾಳೆ, ಒಂದೊಂದು ತುಂಡಿಗೆ ಮಗುವಿಗೆ ಒಂದೊಂದು ಕಥೆ. ಚಿತ್ರಗಳಲ್ಲಿ ಆ ತಾಯಿ ಗೂನು ಬೆನ್ನಿನವಳು, ಕೋಲು ಹಿಡಿದವಳು. ಯಾಕೆ ಹೀಗೆ ಎಂದು ಕೇಳಿದೆ. ಸ್ನೇಹಲ್ ಬಳಿ ಉತ್ತರ ಸಿದ್ಧವಿತ್ತು: "ಬಾಬಾನ ತಾಯಿ ಬಡತನದಲ್ಲಿ ಬೇಗ ಮುದುಕಿಯಾದವಳು. ತಾಯಿ ಅಂದರೆ ಬಾಬಾಗೆ ಆಕೆಯೇ ಕಣ್ಣ ಮುಂದೆ ಬರುತ್ತಿದ್ದಳು. ನನ್ನ ಅತ್ತೆಯಂದಿರು ಹೇಳುತ್ತಿದ್ದರು."

ಹೆಸರು ಅಚ್ಚಾಗಿದೆ, ಮನೆಯವರ ನೆನಪು ಹೊಂದುತ್ತದೆ. ಎರಡು ಕಡೆಯ ಖಾತ್ರಿ. ಕೆಲಸ ಮುಗಿಯಿತು.

ಜನವರಿ 25, ಶನಿವಾರ

ಮುಗಿದಿಲ್ಲ.

ಪಕ್ಕದ ಖಾಲಿ ಜಾಗದಲ್ಲಿ ಕಟ್ಟಡ ಏಳುತ್ತಿದೆ. ಕೆಲಸದವರು ಯಾದಗಿರಿ ಕಡೆಯವರು. ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದೆ. ಸಿಮೆಂಟ್ ಬುಟ್ಟಿ ಹೊತ್ತವಳೊಬ್ಬಳು ಕಾಲಿಗೆ ಸುತ್ತಿಕೊಂಡ ಮಗುವಿಗೆ, "ಆಯಿ ಹಂತ್ಯಾಕ ಹೋಗು" ಎಂದಳು. ಮಗು ಹೋದದ್ದು ನೆರಳಲ್ಲಿ ಕೂತ ಮುದುಕಿಯ ಹತ್ತಿರ.

ಬಟ್ಟೆ ಬಿಟ್ಟು ಒಳಗೆ ಬಂದು ಕನ್ನಡ ಪುಸ್ತಕವನ್ನೂ ಮರಾಠಿ ಪ್ರತಿಯ ಫೋಟೋಗಳನ್ನೂ ಪಕ್ಕಪಕ್ಕ ಇಟ್ಟೆ.

ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಮರಾಠಿಯಲ್ಲಿ ಆಈ ಎಂದರೆ ತಾಯಿ. ನಾನು ಕನ್ನಡ ಓದುವಾಗ ಅಜ್ಜಿ ಎಂದುಕೊಂಡೆ, ಮರಾಠಿ ಓದುವಾಗ ತಾಯಿ ಎಂದುಕೊಂಡೆ. ಎರಡು ಭಾಷೆ ಬರುವ ತಲೆ ತಾನಾಗಿಯೇ ಹಳಿ ಬದಲಿಸಿತು, ನಡುವೆ ತಡೆದು ನೋಡಲಿಲ್ಲ. ಮರಾಠಿಗೆ ಅನುವಾದ ಮಾಡಿದವರೂ ಆ ಪದವನ್ನು ಹಾಗೇ ಎತ್ತಿಟ್ಟಿದ್ದಾರೆ. ಅಜ್ಜಿ ತಾಯಿಯಾದಳು, ಚಿತ್ರದಲ್ಲಿ ಅಜ್ಜಿಯಾಗಿಯೇ ಉಳಿದಳು.

ಅಂದರೆ ಕನ್ನಡ ಮೊದಲು, ಮರಾಠಿ ಆಮೇಲೆ. ಚಿತ್ರ ಬರೆದವರು ಕನ್ನಡ ಓದಿ ಬರೆದಿದ್ದಾರೆ, ಅದೂ ನಮ್ಮ ಕಡೆಯ ಕನ್ನಡ. ಮಾಂಡಕೆಯವರಿಗೆ ಕನ್ನಡ ಬರುತ್ತಿರಲಿಲ್ಲ, ಸ್ನೇಹಲ್ ಅವರೇ ಹೇಳಿದ್ದು.

ಇಷ್ಟರಿಂದ ಅದು ಶಿವಬಸವ್ವನವರೇ ಎಂದಾಗುವುದಿಲ್ಲ. ಆದರೆ ಅಲ್ಲ ಎಂದು ನಾನು ಕಳಿಸಿದ ವರದಿ ನಿಲ್ಲುವುದಿಲ್ಲ.

ಫೆಬ್ರವರಿ 4, ಮಂಗಳವಾರ

ಎರಡು ಸಲ ಫೋನ್ ಮಾಡಿದ ಮೇಲೆ ಶಿವಪುತ್ರಪ್ಪ ಬರಲು ಬಿಟ್ಟರು. "ಬರ್ರಿ. ಮತ್ತೇನು ಸುಳ್ಳು ಹಿಡೀಬೇಕಾಗ್ಯದ ನೋಡ್ರಿ."

ಹೋದಾಗ ಶೀತಲ್ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹಾಸಿಗೆಯ ಚಾದರ ಬದಲಿಸುತ್ತಿದ್ದಳು. ಚಾದರದ ಕೆಳಗೆ ಒಂದು ಕೌದಿ. ಅಂಚು ಹರಿದಿದೆ, ಬಣ್ಣ ಹೋಗಿದೆ. ಮಧ್ಯದ ತುಂಡಿನಲ್ಲಿ ಒಂದು ಗಿಳಿ, ತಲೆ ಕೆಳಗೆ, ಬಾಲ ಹೊಲಿಗೆಯಲ್ಲಿ ಕಡಿದುಹೋಗಿದೆ.

ಪುಸ್ತಕದಲ್ಲಿ ಕೌದಿ ಕಾಣುವ ಪ್ರತಿ ಚಿತ್ರದಲ್ಲೂ ಆ ಗಿಳಿ ಇದೆ. ತಲೆಕೆಳಗಾಗಿ, ಬಾಲವಿಲ್ಲದೆ. ಚಿತ್ರಕಾರರ ತಮಾಷೆ ಎಂದುಕೊಂಡಿದ್ದೆ.

"ಇದು ಯಾರದು?"

"ನಮ್ಮ ಆಯಿದು. ಕಣ್ಣು ಮಂಜಾಗಿದ್ವು, ಗಿಣಿ ಉಲ್ಟಾ ಹೊಲದಾಳ. ನಾ ಹೇಳ್ಲಿಲ್ಲ. ಹೇಳಿದ್ರ ಎಲ್ಲಾ ಬಿಚ್ಚತಿದ್ಲು. ಮದುವ್ಯಾಗ ಕೊಟ್ಟಳು." ಗಿಳಿಯ ಕಡೆ ಕೈ ತೋರಿಸಿ, "ಆಕಿನ್ನ ನೋಡಬೇಕು ಅನ್ನಿಸಿದಾಗ ತಗೀತಿದ್ದೆ. ಮಾವನೋರು ನೋಡಿ, ಇದಕ್ಕೊಂದು ಕಥಿ ಬರೀತೀನಿ ಅಂದ್ರು" ಎಂದರು.

ಮೊದಲೇ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಏರಿತು.

"ನೀ ಕಾಗದ ಕೇಳಿದಿ ತಂಗಿ. ಹಾಸಿಗಿ ಕೇಳ್ಲಿಲ್ಲ."

ಹೆಸರು ಬರಬೇಕು ಅಂತ ನಿಮಗೆ ಆಸೆ ಇದೆಯೇ ಅಥವಾ ಮನೆಯವರದ್ದು ಮಾತ್ರವೇ?

"ಇಲ್ಲ ಅಂದ್ರ ಸುಳ್ಳಾಗ್ತದ. ನೋಡಿ ಹೋಗಬೇಕು ಅಂತ ಆಸೆ ಅದ."

ಫೋಟೋ ತೆಗೆದುಕೊಂಡೆ. ಬಟ್ಟೆ ಅರವತ್ತು ವರ್ಷ ಸವೆದದ್ದು, ಚಹಾದಲ್ಲಿ ಅದ್ದಿದ್ದಲ್ಲ. ಶೀತಲ್ ನನ್ನ ಹಿಂದೆ ನಿಂತು, "ಬೇಕಾದ್ರ ಹಿಂಡಿ ನೋಡ್ರಿ" ಎಂದಳು. ನಕ್ಕುಬಿಟ್ಟೆ.

ಫೆಬ್ರವರಿ 6, ಗುರುವಾರ

ಮೊದಲ ವರದಿ ಹಿಂತೆಗೆದುಕೊಂಡೆ. ಹೊಸದು ನಾಲ್ಕು ಪುಟ. ಓಂಕಾರ ಓದಿ ತಲೆ ಕೆರೆದುಕೊಂಡ.

"ಅಕ್ಕಾರ, ಮಾಂಡಕೆಯವರ ವಿರುದ್ಧ ಗಿಣಿ ಸಾಕ್ಷಿ ಹೇಳ್ತದೇನು?"

"ಹೇಳ್ತದ. ಗಿಣಿನೂ ಹೇಳ್ತದ, ಆಯಿನೂ ಹೇಳ್ತಾಳ."

ಯೋಚಿಸಿ ಹೇಳುತ್ತೇನೆ ಎಂದ.

ಫೆಬ್ರವರಿ 11, ಮಂಗಳವಾರ

ಸ್ನೇಹಲ್ ಫೋನ್. ಓಂಕಾರ ಅವರಿಗೆ ವರದಿ ಕಳಿಸಿದ್ದನಂತೆ, ನನಗೆ ಹೇಳಿರಲಿಲ್ಲ.

"ನಮ್ಮ ಮನೆಯಲ್ಲಿ ಚಹಾ ಕುಡಿದು, ಬಾಬಾನ ಮಾತು ಬರೆದುಕೊಂಡು ಹೋಗಿ, ಬಾಬಾನ ಹೆಸರು ಅಳಿಸುತ್ತಿದ್ದೀರಿ. ಆ ಮನೆಯವರ ಸುಳ್ಳು ಚಿತ್ರ ಹಿಡಿದವರು ನೀವೇ ಅಲ್ಲವೇ? ಚಿತ್ರ ಸುಳ್ಳಾದ ಮೇಲೆ ಅದೇ ಮನೆಯ ಹಾಸಿಗೆ ಹೇಗೆ ನಿಜವಾಯಿತು?"

ಮರಾಠಿಯಲ್ಲಿ ಇದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಪದ ಅಷ್ಟು ನೆಟ್ಟಗಿರುತ್ತದೆ. ಆಯಿ ಪದದ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು, "ಅದು ನಿಮ್ಮ ಭಾಷೆ. ನೀವು ಏನು ಹೇಳಿದರೂ ನಾನು ಹೌದೆನ್ನಬೇಕು" ಎಂದು ಇಟ್ಟರು.

ಅವರ ಸಿಟ್ಟಿಗೆ ಕಾರಣವಿದೆ. ಆದರೆ ತಪ್ಪು ಅವರದು.

ಫೆಬ್ರವರಿ 15, ಶನಿವಾರ

ಕೊಂಢವಾ. ವಿಶೇಷ ಕೆಲಸವೇನೂ ಇರಲಿಲ್ಲ. ಶಿವಬಸವ್ವನವರಿಗೆ, ಈಗ ನಾನೂ ಅವ್ವ ಎನ್ನುತ್ತೇನೆ, ಮೆಟ್ಟಿಲು ಹತ್ತುವುದು ನಿಂತುಹೋಗಿದೆ.

ಫೆಬ್ರವರಿ 24, ಸೋಮವಾರ

ಓಂಕಾರ ಒಪ್ಪಿದ. ಅವನ ಗೆಳೆಯರಿಬ್ಬರು, ಚಿತ್ರಕಲೆ ಕಲಿಸುವವರು, ವರದಿ ನೋಡಿ ಸರಿ ಎಂದರಂತೆ. "ಆದ್ರ ಅರ್ಧ ಮರ್ಧ ಬ್ಯಾಡ ಅಕ್ಕಾರ. ಅಜ್ಜಿದಂದ್ರ ಎಲ್ಲಾ ಅಜ್ಜಿದು. ಹಂಗಾದ್ರ ಮನಿಯವರ ಒಂದು ಸಹಿ ಸಾಕು, ಭೋರಿಗೆ ಕೈ ಮುಗಿಯೂದು ತಪ್ತದ."

ಹರಿದುಹೋದ ಹಾಳೆಯ ಪಠ್ಯವನ್ನು ಮರಾಠಿಯಿಂದ ನಾನೇ ಕನ್ನಡಕ್ಕೆ ತಂದೆ. ಚಿತ್ರವನ್ನು ಮರಾಠಿ ಪ್ರತಿಯ ಫೋಟೋದಿಂದ ತೆಗೆದುಕೊಳ್ಳುತ್ತಾನೆ. ಅದೊಂದರಲ್ಲಿ ಮುಖ ದೊಡ್ಡದಾಗಿ ಬಂದಿದೆ. ಕಪ್ಪು ಕೂದಲು, ಹಣೆಯಲ್ಲಿ ಕುಂಕುಮ, ಮೂಗಿನಲ್ಲಿ ನತ್ತು. ಅಜ್ಜಿ ತನ್ನ ಹರೆಯ ನೆನೆಯುತ್ತಿರಬಹುದು. ಗೆರೆಯೂ ಸ್ವಲ್ಪ ಬೇರೆ, ಬ್ಲಾಕ್ ಹೊಸದಿದ್ದಿರಬೇಕು. ವರದಿಗೆ ಸೇರಿಸುವಷ್ಟು ದೊಡ್ಡ ಸಂಗತಿಯಲ್ಲ.

ಮಾರ್ಚ್ 5, ಬುಧವಾರ

ಆಪರೇಷನ್ ಹದಿನೆಂಟಕ್ಕೆ. ಮುಂದೂಡುವಂತಿಲ್ಲ. ಪಾಡವಾ ತಿಂಗಳ ಕೊನೆಗೆ. ಓಂಕಾರನಿಗೆ ಹೇಳಿದೆ, ಹದಿನೆಂಟರೊಳಗೆ ಒಂದು ಪ್ರತಿಯಾದರೂ ಬೇಕು. ಹನ್ನೆರಡಕ್ಕೆ ಅಚ್ಚು ಶುರು ಮಾಡುತ್ತಾನೆ, ಹದಿನಾರಕ್ಕೆ ಕೈಗೆ ಕೊಡುತ್ತಾನೆ. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. "ಅಕ್ಕಾರ, ನಿಮ್ಮ ಆಪರೇಷನ್ ಇದ್ದಂಗ ಮಾಡ್ತೀರಿ" ಎಂದ.

ಮಾರ್ಚ್ 8, ಶನಿವಾರ

ಪುಟಗಳ ಪ್ರಿಂಟ್ ತೆಗೆದುಕೊಂಡು ಕೊಂಢವಾಕ್ಕೆ ಹೋದೆ. ಎಲ್ಲರೂ ಇದ್ದರು. ಅವ್ವ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. ಆಡಿಗೆ ಬಂದಾಗ ಶೀತಲ್ ಕಡೆ ಓರೆಯಾಗಿ ನೋಡಿ, "ನಿಂದು ಇದಕ್ಕಿಂತ ದಪ್ಪ ಆಗಿತ್ತು" ಎಂದರು. ಎಲ್ಲರೂ ನಕ್ಕೆವು.

ಹನ್ನೊಂದನೆಯ ಪುಟದಲ್ಲಿ ಕೈ ನಿಂತಿತು.

"ಇದು ನಂದಲ್ಲ."

ಹಾಳೆಯನ್ನು ಕಣ್ಣಿನ ಹತ್ತಿರ ತಂದರು.

"ನಾ ತಗದದ್ದು ಹಲ್ಲಿಲ್ಲದ ಬಾಯಿ, ನಗೂದು. ನಮ್ಮ ಆಯಿ ಮುಖ. ಇದು ಯಾರೋ ನತ್ತಿನಾಕಿ. ಮರಾಠಿ ಪುಸ್ತಕ ಮಾಡೂವಾಗ ಬದಲಿ ಮಾಡಿಸ್ಯಾರ. ಬೊಚ್ಚು ಬಾಯಿ ಆಕಿಗೆ ತಾಯಿ ಅಂದ್ರ ಯಾರು ನಂಬ್ತಾರ?"

ಶಿವಪುತ್ರಪ್ಪ, "ಇರಲಿ ಬಿಡವ್ವ, ಒಂದು ಚಿತ್ರಕ್ಕ ಏನಾಗ್ತದ" ಎಂದರು. ಶೀತಲ್ ನನ್ನ ಮುಖ ನೋಡಿದಳು.

ಈಗ ಇದನ್ನು ಎತ್ತಿದರೆ ಸ್ನೇಹಲ್ ಅವರ ಸಹಿ ಬೇಕು. ಅವರು ಕೊಡುವುದಿಲ್ಲ, ಕೊಟ್ಟರೂ ತಡ ಮಾಡುತ್ತಾರೆ. ಹದಿನೆಂಟರೊಳಗೆ ಪುಸ್ತಕ ಕೈಗೆ ಬರುವುದಿಲ್ಲ. ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದೆ. "ನಿಮ್ಮ ಚಿತ್ರ ಅಲ್ಲಿತ್ತು ಅನ್ನೂದು ಖರೇನೇ ಅದಲ್ರಿ. ಅದು ಕಳದದ. ಅದರ ಜಾಗಾದಾಗ ಇದು ಕೂತದ. ಅಚ್ಚಾಗಲಿ, ಮುಂದಿನ ಸಲ ತಿದ್ದೂಣು."

"ಮುಂದಿನ ಸಲ ನಾ ಇರ್ತೀನೇನು?"

"ಅದಕ್ಕ ಹೇಳ್ಲಿಕತ್ತೀನ್ರಿ, ಈಗ ಬರ್ಲಿ ಅಂತ."

ಅವರು ಆ ಹಾಳೆಯನ್ನು ಬೇರೆ ತೆಗೆದು ನನ್ನ ತೊಡೆಯ ಮೇಲಿಟ್ಟರು.

"ಇಕಿ ಒಂದು ತಗದು ನಂದು ಅಂತ ಕೊಟ್ಟಳು. ನೀ ಒಂದು ತಂದು ನಂದು ಅಂತ ಕೊಡ್ಲಿಕತ್ತಿ. ಹದಿನೈದು ನನ್ನವು. ಇದು ಅವರದು. ಅವರ ಮನ್ಯಾಗೂ ಯಾರರೆ ಕಾಯ್ತಿರ್ತಾರಿಲ್ಲೋ?"

ಓಂಕಾರನಿಗೆ ಹೇಳುತ್ತೇನೆ ಎಂದು ಎದ್ದು ಬಂದೆ. ಶಿವಪುತ್ರಪ್ಪ ರಿಕ್ಷಾದವರೆಗೆ ಬಂದು ಮೆಲ್ಲಗೆ, "ಹೇಳಬ್ಯಾಡ್ರಿ" ಎಂದರು.

ಮಾರ್ಚ್ 9, ಭಾನುವಾರ

ಓಂಕಾರ ರಜೆಯ ದಿನ ಮನೆಯವರೊಂದಿಗಿರುತ್ತಾನೆ. ಫೋನ್ ಮಾಡುವುದು ಸರಿಯಲ್ಲ.

ಮಾರ್ಚ್ 10, ಸೋಮವಾರ

ಫೋನ್ ಮಾಡಲಿಲ್ಲ.

ಮಾರ್ಚ್ 11, ಮಂಗಳವಾರ

ಅವ್ವ ಫೋನ್ ಮಾಡಿದರು. ಮಾತಿನ ನಡುವೆ ಉಸಿರು ಸಿಗುತ್ತಿಲ್ಲ. "ಅನ್ಸವ್ವ, ಹೇಳಿದೇನು?"

"ಹೇಳೀನ್ರಿ" ಎಂದೆ.

ಫೋನ್ ಇಟ್ಟು ಓಂಕಾರನಿಗೆ ಮಾಡಿ ಹೇಳಿದೆ. ನಡುವೆ ಹೆಚ್ಚು ಹೊತ್ತು ಹೋಗಿಲ್ಲ, ಆದ್ದರಿಂದ ಅದನ್ನು ಸುಳ್ಳು ಎನ್ನಬೇಕಾಗಿಲ್ಲ.

ಓಂಕಾರ, "ನೀವು ಫೆಬ್ರವರಿಯಾಗ ಈ ಚಿತ್ರ ನೋಡಿದ್ರೇನು?" ಎಂದು ಕೇಳಿದ. ನೋಡಿದ್ದೆ ಎಂದೆ. "ನಿಮಗ ಕಾಣ್ಲಿಲ್ಲೇನು?" ಎಂದ. ಬ್ಲಾಕಿನ ವಿಷಯ ಹೇಳಲು ಹೋದೆ, ಅವನು ಕೇಳಿಸಿಕೊಳ್ಳಲಿಲ್ಲ. ನಾಳೆಯ ಅಚ್ಚು ನಿಲ್ಲಿಸಿದ್ದಾನೆ. ಹದಿನೇಳರ ಬೆಳಿಗ್ಗೆಯೊಳಗೆ ಭೋರಿನ ಸಹಿ ಬರದಿದ್ದರೆ ಪುಸ್ತಕ ಪಾಡವಾಕ್ಕೂ ಇಲ್ಲ.

ಮಾರ್ಚ್ 12, ಬುಧವಾರ

ಫೋನ್ ಮಾಡದೆ ಭೋರಿಗೆ ಹೋದೆ. ಮಾಡಿದ್ದರೆ ಬರಬೇಡಿ ಎನ್ನುತ್ತಿದ್ದರು.

ಸ್ನೇಹಲ್ ಜಾಲರಿಯ ಬಾಗಿಲು ಪೂರ್ತಿ ತೆರೆಯಲಿಲ್ಲ. "ಮತ್ತೇನು ಉಳಿದಿದೆ ತೆಗೆದುಕೊಂಡು ಹೋಗಲು?"

ಹನ್ನೊಂದನೆಯ ಪುಟವನ್ನು ಜಾಲರಿಯ ಸಂದಿನಿಂದ ಕೊಟ್ಟೆ. ಇದು ನಿಮ್ಮ ತಂದೆಯವರದು, ಖಾತ್ರಿಯಾಗಿ ಅವರದೇ ಎಂದೆ. ಹೇಳಿದವರು ಯಾರು ಎಂದು ಕೇಳಿದರು. ಶಿವಬಸವ್ವ ಎಂದೆ.

"ಆಕೆ ಹೇಳಿದರೇ? ತಾವಾಗಿ?"

"ನಾವೆಲ್ಲ ಬೇಡ ಎಂದೆವು. ನಾನೂ."

ಆಗ ಬಾಗಿಲು ತೆರೆದರು. ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಒಳಗೆ ಹೋಗಿ ಕಟ್ಟು ಹಾಕಿದ ಒಂದು ಫೋಟೋ ತಂದರು. ನತ್ತು ಹಾಕಿದ ಹೆಂಗಸು. ಅವರ ತಾಯಿ. ಅದೇ ಗಲ್ಲ, ಅದೇ ಬೈತಲೆ.

"ಚಿಕ್ಕವಳಿದ್ದಾಗ ಈ ಪುಸ್ತಕ ಹಿಡಿದು ಬಾಬಾನನ್ನು ಕೇಳುತ್ತಿದ್ದೆ, ಒಂದೇ ಪುಟದಲ್ಲಿ ನಮ್ಮ ಆಈ ಯಾಕೆ, ಉಳಿದ ಪುಟದಲ್ಲಿ ಬೇರೆ ಅಜ್ಜಿ ಯಾಕೆ ಅಂತ. ಬಾಬಾ ನಗುತ್ತಿದ್ದ, ಹೇಳುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಅತ್ತೆಯಂದಿರ ಉತ್ತರ ಹಿಡಿದುಕೊಂಡೆ. ಅದು ಸುಲಭವಾಗಿತ್ತು."

ಅನುಮತಿ ಪತ್ರಕ್ಕೆ ಸಹಿ ಮಾಡಿದರು. ಷರತ್ತು ಒಂದೇ, ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರಬೇಕು. ಇವತ್ತೂ ಚಹಾ ಕೊಟ್ಟರು. ಸಕ್ಕರೆ ಹಾಕುವುದು ಮರೆತಿದ್ದರು, ಇಬ್ಬರೂ ಹಾಗೇ ಕುಡಿದೆವು.

ವಾಪಸ್ ಬರುವಾಗ ಬಸ್ಸಿನಲ್ಲೇ ಚಿತ್ರಕಾರರಿಬ್ಬರ ಹೆಸರಿನ ಹೊಸ ಸಾಲು ಫೋನಿನಲ್ಲಿ ಟೈಪ್ ಮಾಡಿ ಓಂಕಾರನಿಗೆ ಕಳಿಸಿದೆ. ಕಾತ್ರಜದ ಘಾಟಿ ಇಳಿಯುವಷ್ಟರಲ್ಲಿ ಅವನು ಪುಟ ಜೋಡಿಸಿ ಕಳಿಸಿದ, ನಾನು ನೋಡಿ ಸರಿ ಎಂದೆ.

ಮಾರ್ಚ್ 17, ಸೋಮವಾರ

ಅಚ್ಚು ನಿಂತದ್ದರಿಂದ ಹೋಳಿಯ ರಜೆಗೆ ಬೇಗನೇ ಊರಿಗೆ ಹೋಗಿದ್ದ ಮಶೀನಿನವರು ಇವತ್ತು ಬಂದರು. ಅಚ್ಚು ಶುರುವಾಗಿದೆ, ಮಡಚಿ ಹೊಲಿಯುವುದು ನಾಳೆಯ ನಂತರ. ಪುಸ್ತಕ ಸಿಗುವುದಿಲ್ಲ. ಅಚ್ಚಾದ ಮೊದಲ ಹಾಳೆಯನ್ನು ಕತ್ತರಿಸದೆ ಹಾಗೇ ಸುರುಳಿ ಸುತ್ತಿ ತಂದಿದ್ದೇನೆ. ಬಿಚ್ಚಿ ನೋಡುವ ಧೈರ್ಯವಾಗಲಿಲ್ಲ, ಶಾಯಿ ಹಸಿ ಇತ್ತು.

ಅವ್ವ ಆಸ್ಪತ್ರೆಗೆ ಸೇರಿದ್ದಾರೆ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಬೇಗ ಹೋದೆ. ಹಸಿರು ಬಟ್ಟೆ ಹಾಕಿಸಿದ್ದರು, ಬಳೆ ತೆಗೆಸಿದ್ದರು. ಸ್ಟ್ರೆಚರ್ ಬರಲು ಸ್ವಲ್ಪ ಹೊತ್ತಿತ್ತು. ಶಿವಪುತ್ರಪ್ಪ ಒಂದು ತುದಿ, ಶೀತಲ್ ಇನ್ನೊಂದು ತುದಿ ಹಿಡಿದು ಹಾಳೆ ಬಿಚ್ಚಿದರು. ಕತ್ತರಿಸದ ಹಾಳೆಯಲ್ಲಿ ಅರ್ಧ ಪುಟಗಳು ನೆಟ್ಟಗೆ, ಅರ್ಧ ತಲೆಕೆಳಗು. ಅವ್ವ ಕನ್ನಡಕ ಕೇಳಿ ಹಾಕಿಕೊಂಡು ಮೊದಲು ಹನ್ನೊಂದನೆಯ ಪುಟ ಹುಡುಕಿದರು. ಆಮೇಲೆ ಹಾಳೆ ತಿರುಗಿಸಿ ಎಂದರು, ಹೆಸರುಗಳ ಪುಟಕ್ಕೆ ಬಂದರು.

"ದೇವಾನಂದ ಮಾಂಡಕೆ. ಹಾಂ. ಬಂತು." ಮೇಲಿನ ಸಾಲಿಗೆ ಬೆರಳಿಟ್ಟರು. "ಇದು ಯಾರದು?"

"ನಿಮ್ಮದ್ರಿ ಅವ್ವ."

"ನಂದಲ್ಲ. ಶಿವಬಸವ ಅಂತದ. ಇಂವ ಯಾರೋ ಗಂಡಸು."

ಬಗ್ಗಿ ನೋಡಿದೆ. 'ಚಿತ್ರಗಳು: ಶಿವಬಸವ.' ವಕಾರದ ಒತ್ತು ಇಲ್ಲ. ಬಸ್ಸಿನಲ್ಲಿ ನಾನೇ ಟೈಪ್ ಮಾಡಿದ್ದು, ನಾನೇ ನೋಡಿ ಸರಿ ಎಂದದ್ದು.

ಅವ್ವ ನಗಲು ಶುರು ಮಾಡಿದರು. ನಗು ಎದೆಗೆ ಹತ್ತಿ ಕೆಮ್ಮಾಯಿತು. ನರ್ಸ್ ಓಡಿಬಂದು ಮರಾಠಿಯಲ್ಲಿ ನಮ್ಮೆಲ್ಲರನ್ನೂ ಬೈದಳು. ಅವ್ವ ಅವಳ ಕೈ ಹಿಡಿದುಕೊಂಡೇ ಹೇಳಿದರು, "ಇಷ್ಟ ವರ್ಷದ ಮ್ಯಾಲ ಹೆಸರು ಬಂತು, ಮೀಸಿ ಬಿಟ್ಕೊಂಡು ಬಂತು. ನಮ್ಮ ಮಾವನೋರು ಎಲ್ಲಿದ್ರೂ ಖುಷಿ ಆಗಿರ್ತಾರ."

ಶೀತಲ್ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ.

"ಪೆನ್ ಕೊಡು ಅನ್ಸವ್ವ."

ನನ್ನ ಪೆನ್ ಕೊಟ್ಟೆ. ಶಿವಪುತ್ರಪ್ಪ ಹಾಳೆಯ ಕೆಳಗೆ ಅಂಗೈ ಹಿಡಿದರು. ಅವ್ವ ಕೊನೆಯ ಅಕ್ಷರದ ಕೆಳಗೆ ಒತ್ತು ಬರೆದರು. ಬಲಕ್ಕೆ ಸ್ವಲ್ಪ ವಾಲಿತು, ಬಾಲ ಉದ್ದವಾಯಿತು. ತಾವೇ ದೂರ ಹಿಡಿದು ನೋಡಿ, "ಈಗ ನಾನು" ಎಂದರು. ಕನ್ನಡಕ ತೆಗೆದು ಶೀತಲ್‌ಗೆ ಕೊಟ್ಟರು. ಸ್ಟ್ರೆಚರ್ ಬಂತು.

ಬಾಗಿಲು ಹಾಕಿದ ಮೇಲೆ ವರಾಂಡದಿಂದ ಓಂಕಾರನಿಗೆ ಫೋನ್ ಮಾಡಿದೆ. ತಪ್ಪು ನನ್ನದು ಎಂದೆ. ಮಶೀನ್ ನಿಲ್ಲಿಸಿ ಹೊಸದಾಗಿ ಟೈಪ್ ಮಾಡಿಸುತ್ತೇನೆ ಎಂದ.

"ಟೈಪ್ ಬ್ಯಾಡ. ಫೋಟೋ ಕಳಸೀನಿ. ಆಕಿ ಬರದ ಒತ್ತು ಹೆಂಗದ ಹಂಗೇ ಕೂಡಿಸು."

"ಅಳತಿ ಕೂಡೂದಿಲ್ಲ ಅಕ್ಕಾರ. ಸೊಟ್ಟ ಕಾಣ್ತದ."

"ಕಾಣ್ಲಿ."

"ಮಾಂಡಕೆಯವರ ಮಗಳು ಒಂದೇ ಅಳತಿ ಅಂದಾರ."

ಸ್ನೇಹಲ್ ಅವರಿಗೆ ಫೋನ್ ಮಾಡಿದೆ. ನಡೆದದ್ದು ಹೇಳಿದೆ. ಅವರು ಕೇಳಿಸಿಕೊಂಡು, "ಅದು ಅಕ್ಷರವಲ್ಲ, ಚಿತ್ರ. ಹಾಕಿ" ಎಂದರು. ಆಪರೇಷನ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಶೀತಲ್ ಫೋನ್. ಅವ್ವ ಕಣ್ಣು ಬಿಟ್ಟಿದ್ದಾರೆ. ಗಂಟಲಿನ ನಳಿಕೆ ತೆಗೆದ ಮೇಲೆ ಮೊದಲು ನೀರು ಕೇಳಿದರಂತೆ. ಡಾಕ್ಟರು ಇನ್ನೂ ಕೊಟ್ಟಿಲ್ಲ.

"ಆಮ್ಯಾಲ ನಿಮ್ಮನ್ನ ಕೇಳು ಅಂದ್ಲು ಮೇಡಂ. ಒತ್ತು ಬಿತ್ತೇನು ಅಂತ."

"ಬಿತ್ತು ಅಂತ ಹೇಳು" ಎಂದೆ.

ಒತ್ತು ಕೂಡಿಸಿದ ಅಚ್ಚಿನ ಪ್ಲೇಟ್ ಮಧ್ಯಾಹ್ನ ಆಗುತ್ತದೆ.